ಕಳ್ಳನ 60 ಪಾಯಿಂಟ್

ಮಳೆಗಾಲದಲ್ಲಿ ನಮ್ಮ ಬದಿಯಡ್ಕ ಕಡೆ ಕರೆಂಟು ಹೋಯಿತೆಂದರೆ ಬೇಗ ಬರುವ ವಸ್ತುವಲ್ಲ. ಹಾಗಾಗಿ ಮನೆಯ ಮಕ್ಕಳು ಈಗ ಮೊಬೈಲ್ ಬಿಟ್ಟು ಚಾವಡಿಯಲ್ಲಿ ಕುಳಿತು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತಾರೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಗುಹೆ ಹೊಕ್ಕು ಸಾಹಸ ಮಾಡುವ ಕಥೆಯಾಟ ಅದು. ಅದೂ 1989ರ ಎರಡನೇ ಆವೃತ್ತಿ. ಅಳಿಯನಿಗೆ ಕಳ್ಳನೇ ಆಗಬೇಕು. ಆಗಲಿ, ಆದರೆ ಎಂಥ ಕಳ್ಳ?

ಹೊಸ ಕಳ್ಳನಿಗೆ ಹಂಚಿಕೊಳ್ಳಲಿಕ್ಕೆ 60 ಪಾಯಿಂಟ್ ಸಿಗುತ್ತದೆ, ಒಂದೇ ವಿದ್ಯೆಗೆ 30ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ವಿದ್ಯೆಗಳು ಎಂಟು, ಒಂದು ಪಾಯಿಂಟ್ ಅಂದರೆ ನೂರರಲ್ಲಿ ಒಂದು ಸಲ ಗೆಲ್ಲುವ ಅವಕಾಶ. ಗೋಡೆ ಹತ್ತುವುದು ಶುರುವಿಗೇ 60 ಶೇಕಡಾ ಇರುತ್ತದೆ, ಅದನ್ನು ಮುಟ್ಟುವುದೇ ಬೇಡ. (ಅಡಿಕೆ ಮರ ಹತ್ತಲು ಜನ ಸಿಗದ ಊರಿನಲ್ಲಿ ಇದನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.) ಬೇರೆ ಭಾಷೆ ಓದುವ ವಿದ್ಯೆಗೆ ಮಾತ್ರ ಸೊನ್ನೆ. ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಪೇಟೆಯಲ್ಲಿ ತುಳು ಅಂತ ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದು ದೊಡ್ಡ ಅನ್ಯಾಯ ಅಲ್ವಾ?

ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. ಟ್ರ್ಯಾಪ್, ಅಂದರೆ ಅಡಗಿಸಿಟ್ಟ ಅಪಾಯ, ಹುಡುಕುವುದಕ್ಕೆ ಮೊದಲಿಗೆ ಇರುವುದು 5, ಎಂಟು ಪಾಲು ಮಾಡಿದರೆ ಮೇಲೆ ಬರುವುದು ಏಳೋ ಎಂಟೋ. ಅಂದರೆ ನೂರರಲ್ಲಿ 87 ಸಲ ವಿಷದ ಸೂಜಿ ಇವನ ಕಣ್ಣಿಗೇ ಬೀಳುವುದಿಲ್ಲ. ಇಂಥವನನ್ನು ಮುಂದೆ ಬಿಟ್ಟು ಹಿಂದೆ ನಡೆಯುವವರ ಗತಿ?

ನಾನು ಹೇಳುವುದು ಇಷ್ಟೇ: ಟ್ರ್ಯಾಪಿಗೆ 30 ಹಾಕು, ಉಳಿದ 30 ಸದ್ದಿಲ್ಲದೆ ನಡೆಯುವುದಕ್ಕೆ. ಬೀಗ ಕೈಕೊಟ್ಟರೆ ಕೊಡಲಿ, ಬಾಗಿಲು ಒಡೆಯಲಿಕ್ಕೆ ಗುಂಪಿನಲ್ಲಿ ಯಾರಾದರೂ ತಡಿಯ ಇದ್ದೇ ಇರುತ್ತಾನೆ. ಒಂದು ಬೀಗದಲ್ಲಿ ಸೋತರೆ ಲೆವೆಲ್ ಏರುವ ತನಕ ಅದೇ ಬೀಗವನ್ನು ಮತ್ತೆ ಮುಟ್ಟುವ ಹಾಗಿಲ್ಲ ಎಂಬ ನಿಯಮವೂ ಇದೆ. ಸದ್ದಿಲ್ಲದ ನಡಿಗೆಯ ಗಮ್ಮತ್ತು ಬೇರೆಯೇ. ಅದರ ದಾಳವನ್ನು ಆಟ ನಡೆಸುವವನು ಗುಟ್ಟಾಗಿ ಉರುಳಿಸುತ್ತಾನೆ. ಕಳ್ಳನಿಗೆ ತಾನು ಬೆಕ್ಕಿನ ಹಾಗೆ ಹೋಗುತ್ತಿದ್ದೇನೆ ಎಂಬ ನಂಬಿಕೆ. ಕಾವಲುಗಾರ ತಿರುಗಿ ನೋಡಿದ ಮೇಲೆಯೇ ನಿಜ ಸಂಗತಿ ಗೊತ್ತಾಗುವುದು. ಅಷ್ಟು ಹೊತ್ತು ಆಡುವವರ ಮುಖ ನೋಡಬೇಕು, ಚಾವಡಿಯಲ್ಲಿ ಕುಳಿತವರೂ ಪಿಸುಮಾತಿನಲ್ಲಿ ಮಾತಾಡಲು ಶುರು ಮಾಡುತ್ತಾರೆ.

ನಮ್ಮ ಹಳೆಯ ಕಳ್ಳರಿಗೂ ಇದೇ ಚಿಂತೆ. ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕದ ಕಳ್ಳ ಶರ್ವಿಲಕ ಗೋಡೆ ಕೊರೆಯುವ ಮೊದಲು ಕನ್ನದ ಆಕಾರ ತಾವರೆಯದೋ, ಅರ್ಧಚಂದ್ರದ್ದೋ, ತುಂಬಿದ ಕೊಡದ್ದೋ ಅಂತ ಯೋಚಿಸುತ್ತಾನೆ. ಅಳತೆ ದಾರ ಮರೆತು ಬಂದದ್ದಕ್ಕೆ ಜನಿವಾರದಲ್ಲೇ ಅಳೆಯುತ್ತಾನೆ. ಒಳಗೆ ಹೋದ ಮೇಲೆ ಬಾಗಿಲು ಕಿರುಗುಟ್ಟದ ಹಾಗೆ ನೀರು ಚಿಮುಕಿಸುತ್ತಾನೆ. ಅವನ 30 ಪಾಯಿಂಟ್ ಎಲ್ಲಿ ಹೋಗಿದೆ ಅಂತ ಬೇರೆ ಹೇಳಬೇಕಾ?

ಇಷ್ಟೆಲ್ಲ ಕೇಳಿದ ಅಳಿಯ, "ಮಾವಾ, ಕಳ್ಳ ಅಂದ ಮೇಲೆ ಕಿಸೆಗೆ ಕೈ ಹಾಕದಿದ್ರೆ ಹೇಗೆ?" ಅಂದ. ಎರಡನೇ ಲೆವೆಲ್‌ನಲ್ಲಿ ಮತ್ತೆ 30 ಸಿಗುತ್ತದೆ, ಒಂದಕ್ಕೆ 15ರವರೆಗೆ ಹಾಕಬಹುದು, ಆಗ ನೋಡುವ ಅಂದೆ. ಯಾರು ಕೇಳುತ್ತಾರೆ? ಮೊದಲ 60ರಲ್ಲೇ ಪೂರ್ತಿ 30 ಕಿಸೆಗೇ ಸುರಿದ. ಗುಹೆಯ ಬಾಗಿಲಿಗೆ ತಲುಪುವ ಮೊದಲೇ ಜೊತೆಗಿದ್ದ ಮಾಂತ್ರಿಕನ ಚೀಲಕ್ಕೆ ಕೈ ಹಾಕಿ ಸಿಕ್ಕಿಬಿದ್ದ. ಮಾಂತ್ರಿಕನಾಗಿ ಆಡುತ್ತಿದ್ದವಳು ಅವನ ಅಕ್ಕ. ಅವಳು ಮಂತ್ರಕ್ಕೆಲ್ಲ ಕಾಯಲಿಲ್ಲ, ಕಿವಿ ಹಿಂಡಿದಳು.