ಗಾದಿ ಎಲ್ಲಿಗೂ ಸರಿದಿಲ್ಲ

'ಮಣಕ್ಯಾಚಿ ಗಾದಿ ಸರಕಲಿ' (ಬೆನ್ನುಮೂಳೆಗಳ ನಡುವಿನ ಮೆತ್ತೆ ಸರಿದಿದೆ) ಅಂತ ಮುಂಬೈಯ ದವಾಖಾನೆಯಲ್ಲಿ ಕೇಳಿಸಿಕೊಂಡು ಬಂದ ನಮ್ಮವರು ಮನೆಯಲ್ಲಿ 'ಡಿಸ್ಕ್ ಜಾರಿದೆಯಂತೆ' ಅನ್ನುತ್ತಾರೆ. ಅರ್ಧ ಹಾನಿ ಈ ಮಾತಿನಿಂದಲೇ. ಜಾರೋದಕ್ಕೆ ಡಿಸ್ಕ್ ಏನು ಸೋಪಿನ ಬಿಲ್ಲೆಯೇ? ಮೇಲಿನ, ಕೆಳಗಿನ ಮೂಳೆಗಳಿಗೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರಗಿನ ನಾರಿನ ಉಂಗುರ ಉಬ್ಬುತ್ತದೆ, ಇಲ್ಲವೇ ಸೀಳಿ ಒಳಗಿನ ತಿರುಳು ಹೊರಬರುತ್ತದೆ. ಹಾಗೆ ಹೊರಬಂದ ತಿರುಳನ್ನು ಎಷ್ಟೋ ಜನರಲ್ಲಿ ದೇಹವೇ ಕೆಲವು ತಿಂಗಳಲ್ಲಿ ಕರಗಿಸಿಕೊಳ್ಳುತ್ತದೆ. ಬರೀ ಉಬ್ಬಿಗಿಂತ ಪೂರ್ತಿ ಹೊರಬಂದದ್ದೇ ಹೆಚ್ಚು ಕರಗುವುದು!

ಎಂಆರ್‌ಐ ರಿಪೋರ್ಟಿಗೂ ಇಷ್ಟು ಹೆದರಬೇಕಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯೊಂದರಲ್ಲಿ, 50ರ ಪ್ರಾಯದವರಲ್ಲಿ ಶೇ. 80 ಮಂದಿಗೆ ಡಿಸ್ಕ್ ಸವೆತ, ಶೇ. 60 ಮಂದಿಗೆ ಉಬ್ಬು ಕಂಡಿತ್ತು. ಚಿಕಿತ್ಸೆಗೆ ದಾರಿ ತೋರಿಸುವುದು ಯಾವ ಭಂಗಿಯಲ್ಲಿ ನೋವು ಎತ್ತ ಹೋಗುತ್ತದೆ ಅನ್ನುವುದು.

ಕುಳಿತರೆ, ಬಗ್ಗಿದರೆ ಕಾಲಿಗಿಳಿಯುವ ನೋವಾದರೆ ಹೀಗೆ ಪರೀಕ್ಷಿಸಿ. ಚಾಪೆ ಮೇಲೆ ಬೋರಲು ಮಲಗಿ 2–3 ನಿಮಿಷ. ಆಮೇಲೆ ಮೊಣಕೈ ಊರಿ ಅಷ್ಟೇ ಹೊತ್ತು. ಅದು ಒಗ್ಗಿದರೆ ಅಂಗೈ ಊರಿ ಎದೆ ಎತ್ತಿ ಇಳಿಸಿ, 10 ಸಲ. ಸೊಂಟ ನೆಲಕ್ಕೇ ಬಿಟ್ಟಿರಬೇಕು, ಎತ್ತುವ ಕೆಲಸ ತೋಳಿನದು. ದಿನಕ್ಕೆ ಐದಾರು ಬಾರಿ. ಮೀನಖಂಡದ ನೋವು ತೊಡೆಗೆ, ತೊಡೆಯದ್ದು ಸೊಂಟಕ್ಕೆ ಏರಿದರೆ ದಾರಿ ಸರಿಯಿದೆ. ಆಗ ಸೊಂಟದಲ್ಲಿ ನೋವು ಸ್ವಲ್ಪ ಹೆಚ್ಚಿದರೂ ಗಾಬರಿ ಬೇಡ. ಪಾದದ ಕಡೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಎಡವುವುದು ಇಲ್ಲೇ: ಸೊಂಟ ನೋಯಿತೆಂದು ಸರಿಯಾದದ್ದನ್ನು ಬಿಡುತ್ತಾರೆ, ವಾಟ್ಸ್ಯಾಪಿನಲ್ಲಿ ಬಂತೆಂದು ತಪ್ಪಾದದ್ದನ್ನು ಹಲ್ಲು ಕಚ್ಚಿ ಮಾಡುತ್ತಾರೆ. ಪ್ಲಾಟ್‌ಫಾರ್ಮಿನ ಆ ತುದಿ ತಲುಪುವಷ್ಟರಲ್ಲಿ ಕಾಲು ಸೋತು, ಬೆಂಚಿನಲ್ಲಿ ಕುಳಿತೊಡನೆ ಹಾಯೆನಿಸುವ ಹಿರಿಯರಿಗೆ ಇದು ಬೇಡವೇ ಬೇಡ. ಅವರ ನರದ ದಾರಿಯೇ ಕಿರಿದಾಗಿರಬಹುದು. ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು ಅವರಿಗೆ ಹೆಚ್ಚು ಒಗ್ಗುತ್ತದೆ.

ಜೊತೆಗೆ ನಡಿಗೆ: 10 ನಿಮಿಷದಂತೆ ದಿನಕ್ಕೆ ಮೂರು ಸಲ, ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸುತ್ತಾ. ಮರುದಿನದೊಳಗೆ ಇಳಿಯುವ ನೋವು ತೊಂದರೆಯಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಯುವುದು ಮಾತ್ರ ತೊಂದರೆಯೇ.

ಬೆಲ್ಟ್, ಸೊಂಟ ಎಳೆದು ಹಿಡಿಯುವ ಟ್ರ್ಯಾಕ್ಷನ್, 'ಕರೆಂಟ್ ಕೊಡುವ' ಯಂತ್ರ ಇವನ್ನೆಲ್ಲ ಸೇರಿಸಿದ 10 ಸಿಟ್ಟಿಂಗ್‌ನ ಪ್ಯಾಕೇಜುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹಳೆಯ ಸೊಂಟನೋವಿಗೆ ಇವು ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ವ್ಯಾಯಾಮ ಬೇಕು ಅನ್ನುತ್ತದೆ. ಮನೆಯಲ್ಲಿ ಏನು ಮಾಡಲಿ, ಎಷ್ಟು ಸಲ ಅಂತ ಕೇಳಿ. ಉತ್ತರ ಕೊಡದ ಫಿಸಿಯೋ ಬೇಡ.

ರಾತ್ರಿ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಹಾಗಾಗಿ ಎದ್ದ ಮೊದಲ ಗಂಟೆ ಬಗ್ಗುವುದು ತುಸು ದುಬಾರಿ. ನಮ್ಮ ಚಾಳುಗಳ ಸಾಲುಮನೆಗಳಲ್ಲಿ ನಳ್ಳಿ ನೀರು ಬರುವುದೂ ಅದೇ ಹೊತ್ತಿಗೆ. ಬಕೆಟ್ ಅರ್ಧವೇ ತುಂಬಿಸಿ, ಮೈಗೆ ತಾಗಿಸಿ ಎತ್ತಿ. ಹೋಟೆಲಿನಲ್ಲಿ ಅಕ್ಕಿ ಮೂಟೆಯನ್ನು ಒಬ್ಬರೇ ಎತ್ತುವ ಶೌರ್ಯ ಬೇಡ. ಇನ್ನು ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ತುದಿಗೆ ಸಿಗುವ ನಾಲ್ಕನೇ ಸೀಟು: ಡೊಂಬಿವಲಿಯಿಂದ ಸಿಎಸ್‌ಎಂಟಿ ತನಕ ಅರ್ಧ ಕುಂಡೆಯ ಮೇಲೆ ತಿರುಚಿಕೊಂಡು ಕೂರುವುದಕ್ಕಿಂತ ನಡುವೆ ಠಾಣೆ ಸ್ಟೇಷನ್ ಬಂದಾಗ ಎದ್ದು ನಿಲ್ಲುವುದು ಲೇಸು. ಎದ್ದರೆ ಸೀಟು ಹೋಯಿತು, ನಿಜ.

ಆಪರೇಷನ್ ವಿರುದ್ಧ ಇಲ್ಲಿ ಯಾರ ಜಗಳವೂ ಇಲ್ಲ. ಆರು ವಾರ ದಾಟಿದ ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ಇದ್ದವರ ಮೇಲೆ 2007ರಲ್ಲಿ ಬಂದ ಡಚ್ ಅಧ್ಯಯನದಲ್ಲಿ, ಬೇಗ ಆಪರೇಷನ್ ಆದವರ ಕಾಲುನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪು ಸಮಸಮ. ಕಾದವರಲ್ಲಿ ಶೇ. 39 ಮಂದಿ ಕಡೆಗೆ ಮಾಡಿಸಿಕೊಂಡರು ಅನ್ನುವುದೂ ಅಷ್ಟೇ ನಿಜ.

ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ವ್ಯಾಯಾಮ ಬದಿಗಿಟ್ಟು ಡಾಕ್ಟರನ್ನು ಕಾಣಿ. ಬೆನ್ನುಮೂಳೆಗೂ ಟಿಬಿ ಬರುತ್ತದೆ. ಹಿಮ್ಮಡಿಯ ಮೇಲೆ ನಡೆಯಲು ಹೋದರೆ ಪಾದ ಬೀಳುತ್ತಿದ್ದರೆ ಅದೇ ದಿನ ತೋರಿಸಿ. ಕೂರುವ ಜಾಗ ಜೋಮು ಹಿಡಿದು ಮೂತ್ರ ಕಟ್ಟಿದರೆ ಬೆಳಗಾಗುವ ತನಕ ಕಾಯಬೇಡಿ. ಸಾಯನ್ ಆಸ್ಪತ್ರೆ, ಕೆಇಎಂ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಯ ಕ್ಯಾಜುವಾಲ್ಟಿಗೆ ಹೋಗಿ, ಈ ಎರಡು ಲಕ್ಷಣವನ್ನೇ ಮೊದಲು ಹೇಳಿ.