ಪಾಠಕ್ಕೆ ಅಕ್ಷಾಂಶ, ರೇಖಾಂಶ

ಕಳೆದ ಮಂಗಳವಾರ ನಾನು ಪಾಠ ಮಾಡಿದೆನೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತರಗತಿಯಲ್ಲಿ 38 ಮಂದಿ ಇದ್ದರು, ಎರಡು ಕಂದಪದ್ಯ ಬಿಡಿಸಿದೆ, ಹಿಂದಿನ ಬೆಂಚಿನವನೊಬ್ಬ ನಿದ್ದೆಯಿಂದೆದ್ದು ಪ್ರಶ್ನೆಯನ್ನೂ ಕೇಳಿದ. ಆದರೆ ಫೋಟೋ ಇಲ್ಲ. 'ಜಿಯೋಟ್ಯಾಗ್ ಇಲ್ಲದಿದ್ದರೆ ಪಾಠ ನಡೆದಿಲ್ಲವೆಂದೇ ಲೆಕ್ಕ ಸಾರ್' ಎಂದರು ಕಾಲೇಜಿನ ಆಂತರಿಕ ಗುಣಮಟ್ಟ ನೋಡಿಕೊಳ್ಳುವ ನಮ್ಮ ಐಕ್ಯುಎಸಿ ಸಂಚಾಲಕರು. ಮರಣ ಪ್ರಮಾಣಪತ್ರವಿಲ್ಲದೆ ಸತ್ತವನ ಬಗ್ಗೆ ಮಾತನಾಡುವ ಗ್ರಾಮ ಲೆಕ್ಕಿಗರ ದನಿ ಅದು.

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸುತ್ತು ಹತ್ತಿರ ಬಂದರೆ ಪದವಿ ಕಾಲೇಜುಗಳೆಲ್ಲ ಮದುವೆ ಮನೆಯಾಗುತ್ತವೆ. ಸುಣ್ಣ ಬಣ್ಣ ಒಂದು ಕಡೆ, ಕಡತ ಇನ್ನೊಂದು ಕಡೆ. ತಂತ್ರಜ್ಞಾನ ಬಳಸಿ ಬೋಧಿಸುತ್ತೇವೆಂದರೆ ಸಾಕ್ಷ್ಯ ಬೇಕು. ಸಾಕ್ಷ್ಯವೆಂದರೆ ಫೋಟೋ, ಫೋಟೋ ಎಂದರೆ ಕೆಳಗೆ ಅಕ್ಷಾಂಶ, ರೇಖಾಂಶ, ದಿನಾಂಕ. ಮದುವೆಯಲ್ಲಿ ಫೋಟೋದವನು ತಾಳಿ ಕಟ್ಟುವ ಕೈಯನ್ನು ತಡೆದು 'ಇನ್ನೊಮ್ಮೆ' ಎನ್ನುತ್ತಾನಲ್ಲ, ಹಾಗೆ ನಮ್ಮ ಹುಡುಗಿಯರು ಬಾರದ ಅನುಮಾನಕ್ಕೆ ಮೂರು ಸಲ ಕೈ ಎತ್ತಿದ್ದಾರೆ.

ಸಂಶೋಧನೆಯ ಪಾಡು ಬೇರೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಂತೆ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಅಳೆಯುವುದು ಯಂತ್ರ. ಆದರೆ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕನ್ನಡ ಯಂತ್ರದ ಪಾಲಿಗೆ ಕನ್ನಡವೇ ಅಲ್ಲ, ಕೊಂಬು ಕೋಡು ಮೂಡಿದ ರೋಮನ್ ಅಕ್ಷರಗಳ ಸಂತೆ. ಅಂಥ ಸಂತೆ ಅಂತರ್ಜಾಲದಲ್ಲಿ ಬೇರೆಲ್ಲೂ ಸಿಗದಿದ್ದರೆ, ಹಿಂದಿನವರ ಪ್ರಬಂಧವನ್ನು ಪೂರ್ಣವಿರಾಮ ಸಹಿತ ಇಳಿಸಿಕೊಂಡವನೂ ಅಪ್ಪಟ ಸ್ವಂತಿಕೆಯ ಪ್ರಮಾಣಪತ್ರ ಹಿಡಿದು ಹೊರಬರಬಹುದು. ಯುನಿಕೋಡಿನಲ್ಲಿ ನಿಯತ್ತಾಗಿ ಬರೆದು, ಶಾಸನದ ಸಾಲುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟ ಹುಡುಗಿಗೆ ಶೇ 14 ಬಂದಿತ್ತು. ಮೂಲ ಹೇಳಿ ಉದ್ಧರಿಸಿದ್ದನ್ನು ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮ ಹೇಳುತ್ತದೆ. ಯಂತ್ರಕ್ಕೆ ಅದನ್ನು ತಿಳಿಸುವ ಗುಂಡಿ ಎಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 'ಹಳೆಯ ನುಡಿಗೆ ಹಾಕಿಸಿಬಿಡಮ್ಮ' ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು.

ಇರಲಿ, ಫೋಟೋಗೆ ಬರೋಣ. ಗುರುವಾರ ಸ್ಮಾರ್ಟ್ ಕ್ಲಾಸಿನಲ್ಲಿ ಮರುಪಾಠ ಏರ್ಪಾಡಾಯಿತು. ಪ್ರೊಜೆಕ್ಟರಿನ ರಿಮೋಟು ಪ್ರಾಂಶುಪಾಲರ ಬೀರುವಿನಲ್ಲಿ, ಬೀರುವಿನ ಕೀಲಿ ರಜೆಯಲ್ಲಿರುವ ಸೂಪರಿಂಟೆಂಡೆಂಟರ ಸೊಂಟದಲ್ಲಿ. 'ಪರವಾಗಿಲ್ಲ, ಪರದೆಯತ್ತ ಬೆರಳು ತೋರಿಸಿ' ಎಂದರು ಸಂಚಾಲಕರು. ತೋರಿಸಿದೆ. ಮೊಬೈಲ್ ಕ್ಲಿಕ್ ಎಂದಿತು. ನೋಡಿದರೆ, ದಪ್ಪ ಕಾಂಕ್ರೀಟ್ ಸೂರಿನ ಕೆಳಗೆ ಉಪಗ್ರಹಗಳ ಸುಳಿವು ಸಿಗದೆ, ಅದು ನಮ್ಮನ್ನು ಹಿಂದಿನ ರಸ್ತೆಯ ಬೇಕರಿಯಲ್ಲಿ ನಿಲ್ಲಿಸಿತ್ತು. ಹುಡುಗರು ಅದನ್ನು ಅರ್ಧ ಸತ್ಯವೆಂದು ಒಪ್ಪಿಕೊಂಡರು; ಬೆಳಗಿನ ಮೊದಲ ಅವಧಿಯಲ್ಲಿ ಅವರು ಇರುವುದು ಅಲ್ಲಿಯೇ.

ಸಂಚಾಲಕರು ಸೋಲುವವರಲ್ಲ. ಪರದೆಯನ್ನು ಬಿಚ್ಚಿಸಿ, ಅಂಗಳದ ಬೇವಿನ ಮರದ ಕೊಂಬೆಗೆ ಕಟ್ಟಿಸಿದರು. ಮುಂದೆ ನಾಲ್ಕು ಬೆಂಚು. ಮೇಜಿನ ಮೇಲೆ ಪ್ರೊಜೆಕ್ಟರು, ಅದರ ತಂತಿ ಹುಲ್ಲಿನಲ್ಲಿ ಅನಾಥವಾಗಿ ಮಲಗಿತ್ತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಯ ಪರದೆಯತ್ತ ನಾನು ಬೆರಳು ಚಾಚಿದೆ, 38 ಮಂದಿ ಕಣ್ಣು ಕಿರಿದು ಮಾಡಿ ಗಮನವಿಟ್ಟು ನೋಡಿದರು. ಈ ಸಲ ಅಕ್ಷಾಂಶ, ರೇಖಾಂಶ ಕರಾರುವಾಕ್ಕು.

ಮರುದಿನ ಗುಮಾಸ್ತರು ಕಡತದ ಗಾತ್ರ ಮಿತಿ ಮೀರಿದೆಯೆಂದು ಫೋಟೋವನ್ನು ಕುಗ್ಗಿಸುತ್ತ ಹೋದರು. ಮೂರನೆಯ ಸಲಕ್ಕೆ ವಿದ್ಯಾರ್ಥಿಗಳು ಕರಗಿ ಹಸಿರು ಹುಲ್ಲಾದರು, ನಾಲ್ಕನೆಯದಕ್ಕೆ ನಾನು ಬೇವಿನ ಕಾಂಡದಲ್ಲಿ ಸೇರಿಹೋದೆ. ಕೆಳಗಿನ ಅಂಕಿಗಳು ಮಾತ್ರ ಓದುವಂತಿದ್ದವು. 'ಸಾಕು ಸಾರ್, ಬೇಕಾದ್ದು ಬಂದಿದೆ' ಎಂದು ಅವರು ಕಡತವನ್ನು ಏರಿಸಿದರು.