ಪ್ಲೆಬ್ಸ್ಟ್ ಒಬ್ಬನೇ ಹೊತ್ತನಾ?

ಇವತ್ತು ಮಧ್ಯಾಹ್ನ ಹೊಳೆ ಬದಿಯ ಒಂದು ಹೊಸ ಕೆಫೆಗೆ ಹೋಗಿದ್ದೆ. ಹೆಸರು ಹೇಳುವುದಿಲ್ಲ, ಸುಮ್ನೆ ಅವರಿಗೆ ಪುಕ್ಕಟೆ ಪ್ರಚಾರ ಯಾಕೆ? ಗೋಡೆ ತುಂಬ ಹಳೆ ಮಂಗಳೂರು ಹಂಚು. ಒಂದೊಂದಕ್ಕೂ ವಾರ್ನಿಷ್, ಮೇಲಿಂದ ಹಳದಿ ಲೈಟು. ಯಕ್ಷಗಾನದ ಮುಖ ಬರೆದ ಹಂಚು ಮಾರಾಟಕ್ಕೂ ಉಂಟು. ಅದರ ರೇಟು ನೋಡಿ ಕಾಫಿ ಗಂಟಲಲ್ಲೇ ನಿಂತಿತು. ಪಕ್ಕದಲ್ಲೊಂದು ಬೋರ್ಡು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿಗೆ ಹಂಚು ಕೊಟ್ಟನಂತೆ. ಕತೆ ಅಲ್ಲಿಗೆ ಮುಗೀತು.

ಕೊಟ್ಟನಂತೆ! ಒಬ್ಬನೇ ಮಣ್ಣು ಅಗೆದು, ಅರೆದು, ಒತ್ತಿ, ಒಣಗಿಸಿ, ಸುಟ್ಟು, ತಲೆಯಲ್ಲಿ ಹೊತ್ತು ತಂದು ಕೊಟ್ಟನಾ ಮಾರಾಯ್ರೆ?

ನಮ್ಮ ಅಜ್ಜಿ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು, ನಿಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತು. ಅವರ ನೆತ್ತಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ಆ ಜಾಗ ನುಣ್ಣಗೆ ಸಿಗುತ್ತಿತ್ತು. ಸುಟ್ಟ ಹಂಚು ಒಂದಕ್ಕೆ ಎರಡು, ಎರಡೂವರೆ ಕೆ.ಜಿ. ತೂಕ. ಹಸಿ ಹಂಚು ಅದಕ್ಕಿಂತಲೂ ಭಾರ. ಅಂಥದ್ದನ್ನು ಅಟ್ಟಿ ಮಾಡಿ ಸಿಂಬೆಯ ಮೇಲೆ ಇಟ್ಟುಕೊಂಡು ದಿನವಿಡೀ ಹಂಚು ಒತ್ತುವ ಪ್ರೆಸ್ಸಿನಿಂದ ಒಣಗಿಸುವ ಚಪ್ಪರಕ್ಕೆ, ಚಪ್ಪರದಿಂದ ಸುಡುವ ಗೂಡಿಗೆ. ಹಸಿ ಹಂಚು ಸ್ವಲ್ಪ ಬಗ್ಗಿದರೂ ಮೇಸ್ತ್ರಿಯ ಬೈಗುಳ. ಬೋರ್ಡಿನಲ್ಲಿ ಈ ನೆತ್ತಿಗೆ ಜಾಗ ಇಲ್ಲ.

ಪ್ಲೆಬ್ಸ್ಟನ ಮೇಲೆ ನನಗೇನೂ ಹಗೆ ಇಲ್ಲ. ಜಾಣ. ನೇತ್ರಾವತಿ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು ಲೆಕ್ಕಾಚಾರದಿಂದಲೇ. ಹೊಳೆ ಬದಿಯಲ್ಲಿ ಒಳ್ಳೆ ಆವೆಮಣ್ಣು, ಮಣ್ಣು ಸೌದೆ ತರಲಿಕ್ಕೆ ದೋಣಿ, ಹಂಚು ಹೊರಗೆ ಕಳಿಸಲಿಕ್ಕೆ ಹತ್ತಿರದಲ್ಲೇ ಬಂದರು. ಆದರೆ ಕೈಗಳು ಎಲ್ಲಿಂದ ಬಂದವು? ಪ್ಲೆಬ್ಸ್ಟನನ್ನು ಕಳಿಸಿದ ಸ್ವಿಸ್ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದ ಎಷ್ಟೋ ಜನ ಕುಲಕಸುಬು, ಗೇಣಿ ಗದ್ದೆ, ಮನೆ ಎಲ್ಲ ಕಳಕೊಂಡರು. ಅವರಿಗೆ ಹೊಟ್ಟೆಪಾಡು ಬೇಕಿತ್ತು. ಹಾಗಾಗಿ ಮೊದಲು ನೇಯ್ಗೆ, ಪುಸ್ತಕ ಅಚ್ಚು ಹಾಕುವ ಪ್ರೆಸ್ಸು, ಆಮೇಲೆ ಹಂಚು. 1859ರಲ್ಲಿ ಬಾಸೆಲ್‌ನಲ್ಲಿ ಮಿಷನ್ನಿನದ್ದೇ ವ್ಯಾಪಾರದ ಕಂಪನಿಯೂ ಹುಟ್ಟಿತ್ತು. ಧರ್ಮ ಒಂದು ಕೈಯಲ್ಲಿ, ಲೆಕ್ಕದ ಪುಸ್ತಕ ಇನ್ನೊಂದರಲ್ಲಿ. ತಪ್ಪು ಅಂತ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ.

ಆಮೇಲೆ ಮಿಷನ್ನಿನದ್ದೇ ಇನ್ನೆರಡು ಹಂಚಿನ ಕಾರ್ಖಾನೆ, ಕುದ್ರೋಳಿಯಲ್ಲಿ 1882, ಮಲ್ಪೆಯಲ್ಲಿ 1886. ಇಲ್ಲಿಯವರೇ ಆದ ಆಲ್ಬುಕರ್ಕ್ ಕುಟುಂಬದವರು 1868ರಲ್ಲೇ ಹಂಚಿನ ಕೆಲಸಕ್ಕೆ ಕೈ ಹಾಕಿದ್ದರು. ನೋಡನೋಡುತ್ತಾ ಬೋಲಾರ, ಹೊಯ್ಗೆ ಬಜಾರ್ ಕಡೆಯೆಲ್ಲ ಚಿಮಣಿಗಳು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಆಸ್ತಿಯನ್ನು ಶತ್ರುಗಳ ಆಸ್ತಿ ಅಂತ ವಶಕ್ಕೆ ತಗೊಂಡರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಧಣಿ ಬದಲಾದ, ತಲೆಯ ಮೇಲಿನ ಹೊರೆ ಬದಲಾಗಲಿಲ್ಲ.

ಇನ್ನು ಕಾಡಿನ ಕತೆ. ಇದನ್ನಂತೂ ಯಾರೂ ಬಾಯಿಬಿಡುವುದಿಲ್ಲ. ಕೆಂಪು ಹಂಚು ಕೆಂಪಾಗುವುದು ಬೆಂಕಿಯಿಂದ. ಗೂಡು ಒಮ್ಮೆ ಹೊತ್ತಿಸಿದರೆ ಹಗಲು ರಾತ್ರಿ ಸೌದೆ ಕೇಳುತ್ತದೆ. ಅಷ್ಟು ಸಾಲದು ಅಂತ, ಮನೆಯ ಮಾಡಿಗೂ, ಅಂದರೆ ಸೂರಿಗೂ, ಮರ ಬೇಕು. ಮುಳಿಹುಲ್ಲಿನ ಮನೆಗೆ ಬಿದಿರು, ಅಡಿಕೆ ಸಲಾಕೆ ಇದ್ದರೆ ಸಾಕಿತ್ತು. ಮಂಗಳೂರು ಹಂಚಿಗೆ ಅದು ನಡೆಯುವುದಿಲ್ಲ. ಹಂಚಿನ ಅಡಿಯಲ್ಲಿರುವ ಮೂಗು ರೀಪಿಗೆ, ಅಂದರೆ ಅಡ್ಡ ಹೊಡೆದ ಮರದ ಪಟ್ಟಿಗೆ, ಸರಿಯಾಗಿ ಸಿಕ್ಕಿಕೊಳ್ಳಬೇಕು. ಒಂದು ರೀಪಿನಿಂದ ಇನ್ನೊಂದಕ್ಕೆ ಅಂತರ ಚೂರು ಹೆಚ್ಚುಕಮ್ಮಿಯಾದರೂ ಮಳೆಗಾಲದಲ್ಲಿ ಚಾವಡಿಯಲ್ಲಿ ಬಾಲ್ದಿ ಇಡಬೇಕಾಗುತ್ತದೆ. ಹಾಗಾಗಿ ರೀಪನ್ನು ಹೊರಲಿಕ್ಕೆ ನೇರ ಕೊಯ್ದ ಪಕ್ಕಾಸು, ಅದರ ಮೇಲೆ ನೇರ ಕೊಯ್ದ ರೀಪು. ಮರದ ಮಿಲ್ಲುಗಳಿಗೆ ಕೈತುಂಬ ಕೆಲಸ. ಅಂದರೆ ಒಂದು ಹಂಚು ಎರಡು ಸಲ ಕಾಡು ತಿಂದಿತು, ಗೂಡಿನಲ್ಲಿ ಒಮ್ಮೆ, ಮಾಡಿನಲ್ಲಿ ಒಮ್ಮೆ. ಆ ಮರ ಕಡಿದವರು ಯಾರು, ದಿಮ್ಮಿ ಎಳೆದವರು ಯಾರು, ದೋಣಿ ಒತ್ತಿದವರು ಯಾರು? ಪ್ಲೆಬ್ಸ್ಟನೇ ಇರಬೇಕು ಬಿಡಿ, ಬೋರ್ಡಿನಲ್ಲಿ ಅವನದ್ದೊಂದೇ ಹೆಸರು ಇರುವುದಲ್ವಾ.

ಇದನ್ನೇ ಅಲ್ಲಿ ಕೂತಿದ್ದ ಗೆಳೆಯನಿಗೆ ಹೇಳಿದೆ. "ನೀನು ಎಲ್ಲದಕ್ಕೂ ಕೊಂಕು. ಗೋಡೆಯಲ್ಲಾದರೂ ಉಳಿಯಿತಲ್ಲ, ಇಲ್ಲದಿದ್ದರೆ ಪುಡಿ ಮಾಡಿ ಗುಂಡಿಗೆ ಹಾಕುತ್ತಿದ್ದರು" ಅಂದ. ಹೌದಪ್ಪಾ, ಒಪ್ಪಿದೆ. ಆರ್‌ಸಿಸಿ, ಅಂದರೆ ಕಾಂಕ್ರೀಟು ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು, ಒಂದೊಂದೇ ಕಾರ್ಖಾನೆ ಬಾಗಿಲು ಹಾಕಿತು. ಹಂಚು ಉಳಿದದ್ದೇ ದೊಡ್ಡದು. ಆದರೆ ಲೈಟಿಗೆ, ವಾರ್ನಿಷಿಗೆ ಇದ್ದ ದುಡ್ಡಿನಲ್ಲಿ ಬೋರ್ಡಿಗೆ ಇನ್ನು ನಾಲ್ಕು ಸಾಲು ಬರೆಸಲಿಕ್ಕೆ ಆಗುತ್ತಿರಲಿಲ್ಲವಾ? ಹಂಚು, ಬೀಡಿ, ಗೇರುಬೀಜ, ಈ ಮೂರು ಕಡೆ ದುಡಿದವರೇ ಈ ಊರಿನಲ್ಲಿ ಕೆಂಬಾವುಟದ ಸಂಘ ಕಟ್ಟಿದ್ದು. ಕೂಲಿಗಾಗಿ ಗೇಟಿನ ಎದುರು ಕೂತದ್ದು. ಅದು ಪರಂಪರೆ ಅಲ್ವಾ? ಕಾಫಿ ಜೊತೆ ಸರಿ ಹೊಂದುವುದಿಲ್ಲವೋ ಏನೋ.

ಸ್ವಲ್ಪ ಹೊಟ್ಟೆಕಿಚ್ಚೂ ಉಂಟು, ಸುಳ್ಳು ಯಾಕೆ ಹೇಳಲಿ. ಅಜ್ಜಿ ಅಷ್ಟು ವರ್ಷ ಹಂಚು ಹೊತ್ತರೂ ಅವರ ಸ್ವಂತ ಮನೆಗೆ ಬಹಳ ಕಾಲ ತೆಂಗಿನ ಮಡಲಿನ ಮಾಡು. ಹಂಚು ಹೊದೆಸಿದ್ದು ಅಮ್ಮನ ಮದುವೆಯ ಹೊತ್ತಿಗೆ. ಅದರಲ್ಲೂ ಅರ್ಧ ಓರೆಕೋರೆ ಆದದ್ದು, ಕಡಿಮೆ ರೇಟಿಗೆ ಸಿಕ್ಕಿದ್ದು. ಅಡುಗೆಕೋಣೆಯ ಮೇಲೆ ಮಾತ್ರ ಹಟ ಹಿಡಿದು ಒಂದು ಗಾಜಿನ ಹಂಚು ಹಾಕಿಸಿದ್ದರು.

ಈಗ ಕೆಲಸದ ಮಾತು. ಜೆಪ್ಪು, ಬೋಲಾರ, ಕುದ್ರೋಳಿ, ಮಲ್ಪೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಹಂಚಿನ ಕಾರ್ಖಾನೆಯ ಸಂಬಳದ ಚೀಟಿ, ಸಂಘದ ರಶೀದಿ, ಗುಂಪಾಗಿ ನಿಂತು ತೆಗೆದ ಫೋಟೋ ಏನಾದರೂ ಇದ್ದರೆ ಕೆಳಗೆ ಹಾಕಿ. ಹೊತ್ತವರ ಹೆಸರೂ ಬರೆಯಿರಿ. ಪ್ರಿಂಟು ತೆಗೆಸಿ ಆ ಕೆಫೆಗೆ ನಾನೇ ತಗೊಂಡು ಹೋಗಿ ಕೊಡುತ್ತೇನೆ. ಅಂಟಿಸುತ್ತಾರಾ ಇಲ್ಲವಾ, ಅದನ್ನೂ ಇಲ್ಲೇ ಬರೆಯುತ್ತೇನೆ.